ಸೋರುವ ಪೆಟ್ರೋಲ್ ಕಾಕು

ಮನೆಯ ನಲ್ಲಿ ಸೋರತೊಡಗಿದರೆ ನಾವು ಏನು ಮಾಡುತ್ತೇವೆ? ಮೊದಲನೆಯ ದಿನ ಗಟ್ಟಿಯಾಗಿ ತಿರುಗಿಸುತ್ತೇವೆ. ಎರಡನೆಯ ದಿನ ಇನ್ನೂ ಗಟ್ಟಿಯಾಗಿ ತಿರುಗಿಸುತ್ತೇವೆ. ಮೂರನೆಯ ದಿನ ಅದರ ಕೆಳಗೆ ಒಂದು ತಂಬಿಗೆ ಇಟ್ಟು, ನಾಳೆ ಯಾರನ್ನಾದರೂ ಕರೆಸಿದರಾಯಿತು ಎಂದು ಸುಮ್ಮನಾಗುತ್ತೇವೆ. ನೀರಿನ ಮಟ್ಟಿಗೆ ಈ ಸೋಮಾರಿತನ ನಡೆಯುತ್ತದೆ. ನಷ್ಟವಾದರೆ ಒಂದು ತಂಬಿಗೆ ನೀರು, ಒಂದು ರಾತ್ರಿಯ ನಿದ್ದೆ, ಅಷ್ಟೆ. ನಾನು ಈ ಹೊತ್ತು ನಿಮ್ಮೊಡನೆ ಮಾತಾಡಬೇಕೆಂದಿರುವುದು ಇನ್ನೊಂದು ನಲ್ಲಿಯ ವಿಷಯ. ಅದು ಹೆಬ್ಬೆರಳಿಗಿಂತ ತುಸು ದಪ್ಪವಾದ ಹಿತ್ತಾಳೆಯ ತುಂಡು. ಮೋಟಾರ್ ಸೈಕಲ್ಲಿನ ಪೆಟ್ರೋಲ್ ಟ್ಯಾಂಕಿನ ಅಡಿಯಲ್ಲಿ ಇರುತ್ತದೆ. ನಮ್ಮ ಕಡೆ ಮೆಕ್ಯಾನಿಕರು ಅದನ್ನು ಪೆಟ್ರೋಲ್ ಕಾಕು ಎನ್ನುತ್ತಾರೆ. ಇದರ ಕೆಳಗೆ ತಂಬಿಗೆ ಇಟ್ಟು ಮಲಗಲು ಬರುವುದಿಲ್ಲ.

ಯಾಕೆ ಬರುವುದಿಲ್ಲ ಎಂಬುದನ್ನು ನಾನು 1972ರಲ್ಲಿ, ಹತ್ತು ವರ್ಷದ ಹುಡುಗನಾಗಿದ್ದಾಗ, ಮೈಸೂರಿನ ಚಾಮರಾಜಪುರದಲ್ಲಿ ನಮ್ಮ ಸೋದರಮಾವನ ಮನೆಯಲ್ಲಿ ಕಲಿತೆ. ಮಾವನಿಗೆ ಒಂದು ಬಿ.ಎಸ್.ಎ. ಮೋಟಾರ್ ಸೈಕಲ್ ಇತ್ತು. ಎಂ-20 ಎಂಬ ಮಾದರಿ, 496 ಸಿ.ಸಿ.ಯ ಒಂಟಿ ಸಿಲಿಂಡರಿನ ಗಾಡಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಬಂದೂಕು ಮಾಡುತ್ತಿದ್ದ ಕಂಪನಿಯೇ ಈ ಗಾಡಿಯನ್ನೂ ಮಾಡಿದ್ದು. ಬಿ.ಎಸ್.ಎ. ಎಂಬ ಮೂರಕ್ಷರದ ಅರ್ಥವೇ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್. ಅವರ ಲಾಂಛನದಲ್ಲಿ ಮೂರು ಬಂದೂಕುಗಳನ್ನು ಒಂದಕ್ಕೊಂದು ಒರಗಿಸಿ ನಿಲ್ಲಿಸಿದೆ. ಎರಡನೆಯ ಮಹಾಯುದ್ಧದಲ್ಲಿ ಈ ಮಾದರಿಯ ಸುಮಾರು 1 ಲಕ್ಷ 26 ಸಾವಿರ ಗಾಡಿಗಳು ಸೈನ್ಯಕ್ಕೆ ಹೋದವು. ಅಂಥದೊಂದು ಗಾಡಿ ಯುದ್ಧ ಮುಗಿದ ಮೇಲೆ ಕೈಯಿಂದ ಕೈಗೆ ದಾಟಿ, 1951ರಲ್ಲಿ ಬೆಂಗಳೂರಿನಲ್ಲಿ ನಮ್ಮ ಮಾವನ ಕೈಗೆ ಬಂತು. ಸೈನ್ಯದ ಬಣ್ಣ ಹೋಗಿ ಕಪ್ಪು ಬಣ್ಣ ಬಂತು. ಆ ಗುಡುಗುಡು ಶಬ್ದ ಮಾತ್ರ ಹಾಗೆಯೇ ಉಳಿಯಿತು.

ರಾತ್ರಿ ಹೊತ್ತು ಗಾಡಿಯನ್ನು ಮನೆಯ ಮಗ್ಗುಲ ಓಣಿಯಲ್ಲಿ ನಿಲ್ಲಿಸುತ್ತಿದ್ದರು. ಓಣಿಯ ಕೊನೆಗೆ ಬಚ್ಚಲುಮನೆ, ಅಲ್ಲಿ ಹಂಡೆಯ ಒಲೆ. ಸಂಕ್ರಾಂತಿಯ ಹಿಂದಿನ ದಿನ, ಇನ್ನೂ ಕತ್ತಲಿರುವಾಗ, ನಮ್ಮ ಅತ್ತೆ ಒಲೆ ಹೊತ್ತಿಸಲು ಹೋದರು. ಕೈಯಲ್ಲಿ ಬೆಂಕಿಪೆಟ್ಟಿಗೆ ಇತ್ತು. ಬಾಗಿಲು ತೆರೆದೊಡನೆ ಮೂಗಿಗೆ ವಾಸನೆ ಬಡಿಯಿತು. "ಏನೂಂದ್ರೆ, ಇಲ್ಲಿ ನೋಡಿ ಬನ್ನಿ" ಎಂದು ಕೂಗಿ, ದೀಪ ಹಾಕಲು ಗೋಡೆಯ ಸ್ವಿಚ್ಚಿನ ಕಡೆ ಕೈ ಚಾಚಿದರು. ಒಳಗಿನಿಂದ ಓಡಿ ಬಂದ ಮಾವ "ಸ್ವಿಚ್ಚು ಮುಟ್ಟಬೇಡ!" ಎಂದು ಕಿರುಚಿದ್ದು ನನಗೆ ಈಗಲೂ ಕೇಳಿಸುತ್ತದೆ. ಅವರು ಜೋರಾಗಿ ಮಾತಾಡುವ ಮನುಷ್ಯರೇ ಅಲ್ಲ. ಕತ್ತಲಲ್ಲೇ ಓಣಿಯ ಎರಡೂ ಬಾಗಿಲು ತೆರೆದು, ಗಾಡಿಯನ್ನು ಬೀದಿಗೆ ತಳ್ಳಿ, ನೆಲಕ್ಕೆ ಮಣ್ಣು ಎರಚಿದರು. ಆ ಹಬ್ಬದ ದಿನ ನಮಗೆಲ್ಲ ತಣ್ಣೀರಿನ ಸ್ನಾನವಾಯಿತು.

ಪೆಟ್ರೋಲು ತಾನಾಗಿ ಉರಿಯುವ ವಸ್ತುವಲ್ಲ. ಉರಿಯುವುದು ಅದರ ಆವಿ. ಸೊನ್ನೆ ಡಿಗ್ರಿಗಿಂತ ನಲವತ್ತು ಡಿಗ್ರಿ ಕೆಳಗಿನ ಚಳಿಯಲ್ಲೂ ಕಿಡಿ ತಗುಲಿದರೆ ಹತ್ತಿಕೊಳ್ಳುವಷ್ಟು ಆವಿಯನ್ನು ಅದು ಬಿಡುತ್ತಲೇ ಇರುತ್ತದೆ. ಮೈಸೂರಿನ ಮಾಗಿಯ ಚಳಿ ಅದಕ್ಕೆ ಯಾವ ಲೆಕ್ಕ? ಆ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಹೊಗೆಯಂತೆ ಮೇಲೇರಿ ಹೋಗದೆ ನೆಲ ಹಿಡಿದು ನೀರಿನಂತೆ ಹರಿಯುತ್ತದೆ, ತಗ್ಗಿನಲ್ಲಿ ನಿಲ್ಲುತ್ತದೆ. ನೂರು ಪಾಲು ಗಾಳಿಯಲ್ಲಿ ಒಂದೂವರೆ ಪಾಲಿನಷ್ಟು ಸೇರಿದರೆ ಸಾಕು, ಸ್ವಿಚ್ಚಿನೊಳಗಿನ ಸಣ್ಣ ಕಿಡಿಯೂ ಅದನ್ನು ಹೊತ್ತಿಸೀತು. ನಮ್ಮ ಓಣಿಯ ಇಳಿಜಾರು ಇದ್ದದ್ದು ಬಚ್ಚಲಿನ ಕಡೆಗೆ.

ಇಷ್ಟಕ್ಕೆಲ್ಲ ಕಾರಣ ಒಂದು ಚೂರು ಬೆಂಡು ಎಂದು ಮಾವ ಅದೇ ಸಂಜೆ ಕಾಕನ್ನು ಬಿಚ್ಚಿ ನನಗೆ ತೋರಿಸಿದರು.

ಅಂದಿನ ಬ್ರಿಟಿಷ್ ಗಾಡಿಗಳಲ್ಲಿ ಬಹಳ ಕಾಣುತ್ತಿದ್ದ ಎವರ್ಟ್ಸ್ ಎಂಬ ಹೆಸರಿನ ಕಾಕು ಅದು. ಇದನ್ನು ತಿರುಗಿಸುವುದಿಲ್ಲ, ಎಳೆಯುವುದು, ದೂಡುವುದು. ಅಡ್ಡಲಾಗಿ ಕೊರೆದ ಒಂದು ಹಿತ್ತಾಳೆಯ ನಳಿಗೆ. ಅದರೊಳಗೆ ಪಿಚಕಾರಿಯ ದಂಡದಂಥ ಒಂದು ಕಡ್ಡಿ. ಆ ಕಡ್ಡಿಗೆ ಪೋಣಿಸಿದ ಬೆಂಡಿನ ಕೊಳವೆ. ಹೊರಗೆ ಚಾಚಿದ ಗುಂಡಿಯನ್ನು ಎಳೆದರೆ ಬೆಂಡು ಹಿಂದಕ್ಕೆ ಸರಿದು, ಟ್ಯಾಂಕಿನಿಂದ ಇಳಿಯುವ ರಂಧ್ರ ತೆರೆದುಕೊಂಡು ಪೆಟ್ರೋಲು ಕಾರ್ಬುರೇಟರಿಗೆ ಹರಿಯುತ್ತದೆ. ದೂಡಿದರೆ ಬೆಂಡು ರಂಧ್ರಕ್ಕೆ ಅಡ್ಡ ಬಂದು ನಿಲ್ಲುತ್ತದೆ. ಎಳೆಯುವಾಗ ಕಡ್ಡಿ ಪೂರಾ ಕೈಗೇ ಬರಬಾರದೆಂದು ಪಕ್ಕದಲ್ಲಿ ಒಂದು ಪುಟ್ಟ ಸ್ಕ್ರೂ ಕಾವಲಿರುತ್ತದೆ. ಅಷ್ಟೇ ಇದರ ಯಂತ್ರವಿದ್ಯೆ. ಸ್ಪ್ರಿಂಗಿಲ್ಲ, ಹಲ್ಲಿನ ಚಕ್ರವಿಲ್ಲ. ಆ ಒಂದೇ ಬೆಂಡು ಎರಡು ಕೆಲಸ ಮಾಡಬೇಕು: ಮುಚ್ಚಿದಾಗ ಪೆಟ್ರೋಲು ಕೆಳಕ್ಕೆ ಹರಿಯಬಾರದು, ಯಾವಾಗಲೂ ಗುಂಡಿಯ ಪಕ್ಕದಿಂದ ಹೊರಕ್ಕೆ ಜಿನುಗಬಾರದು.

ಬೆಂಡು ಎಂದೆನಲ್ಲ, ಇದು ನಮ್ಮ ಕೆರೆಯ ಬೆಂಡಲ್ಲ. ಔಷಧಿಯ ಶೀಶೆಗಳಿಗೆ ಬಿರಡೆಯಾಗಿ ಬರುತ್ತಿದ್ದ ಕಾರ್ಕು. ಮೆಡಿಟರೇನಿಯನ್ ಕಡಲಿನ ಸುತ್ತಣ ನಾಡುಗಳಲ್ಲಿ, ಅದರಲ್ಲೂ ಪೋರ್ಚುಗಲ್ಲಿನಲ್ಲಿ, ಬೆಳೆಯುವ ಒಂದು ಬಗೆಯ ಓಕ್ ಮರದ ತೊಗಟೆ. ಆ ಮರಕ್ಕೆ ಇಪ್ಪತ್ತೈದು ವರ್ಷ ತುಂಬುವವರೆಗೆ ಅದರ ತೊಗಟೆಯನ್ನು ಮುಟ್ಟುವಂತಿಲ್ಲ. ಆಮೇಲೆ ಒಂಬತ್ತು ವರ್ಷಕ್ಕೊಮ್ಮೆ ಸುಲಿಯಬಹುದು. ಮರ ಸಾಯುವುದಿಲ್ಲ, ಮತ್ತೆ ತೊಗಟೆ ಕಟ್ಟಿಕೊಳ್ಳುತ್ತದೆ. 1665ರಲ್ಲಿ ರಾಬರ್ಟ್ ಹುಕ್ ಎಂಬ ವಿಜ್ಞಾನಿ ಇದೇ ಬೆಂಡಿನ ತೆಳ್ಳನೆಯ ಸೀಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ, ಕಂಡ ಸಣ್ಣ ಸಣ್ಣ ಗೂಡುಗಳಿಗೆ 'ಸೆಲ್' ಎಂದು ಹೆಸರಿಟ್ಟ. ನಾವು ಶಾಲೆಯಲ್ಲಿ ಮಕ್ಕಳಿಗೆ ಜೀವಕೋಶವೆಂದು ಹೇಳಿಕೊಡುವ ಮಾತು ಹುಟ್ಟಿದ್ದು ಅಲ್ಲಿ. ಗಾಳಿ ತುಂಬಿದ ಆ ಗೂಡುಗಳು ಒತ್ತಿದರೆ ಕುಗ್ಗುತ್ತವೆ, ಬಿಟ್ಟರೆ ಹಿಗ್ಗಿ ನಳಿಗೆಯ ಗೋಡೆಯನ್ನು ಒತ್ತಿ ಹಿಡಿಯುತ್ತವೆ. ಗೂಡಿನ ಗೋಡೆಗಳಲ್ಲಿ ಮೇಣದಂಥ ಪದಾರ್ಥವಿರುವುದರಿಂದ ದ್ರವವು ಸುಲಭವಾಗಿ ಒಳಹೊಕ್ಕು ಹಾಯಲಾರದು.

ಇಂಥ ಬೆಂಡಿಗೂ ಒಂದು ಹಟವುಂಟು. ಅದು ಸದಾ ತೇವವಾಗಿರಬೇಕು. ದಿನಾ ಓಡುವ ಗಾಡಿಯಲ್ಲಿ ಪೆಟ್ರೋಲಿನಲ್ಲಿ ನೆನೆದಿದ್ದು ಉಬ್ಬಿಕೊಂಡು ಕೆಲಸ ಮಾಡುತ್ತದೆ. ಟ್ಯಾಂಕು ಬರಿದಾಗಿ ಗಾಡಿ ಒಂದೆರಡು ತಿಂಗಳು ನಿಂತಿತೋ, ಒಣಗಿ ಕುಗ್ಗುತ್ತದೆ. ಮಾವ ಆ ಡಿಸೆಂಬರಿನಲ್ಲಿ ಜ್ವರದಿಂದ ಮಲಗಿದ್ದರು, ಗಾಡಿ ಹೊರಗೆ ಹೊರಟಿರಲಿಲ್ಲ. ಹಬ್ಬಕ್ಕೆಂದು ಟ್ಯಾಂಕು ತುಂಬಿಸಿ ತಂದು ನಿಲ್ಲಿಸಿದ್ದರು. ಒಣಗಿದ ಬೆಂಡಿನ ಸಂದಿಯಿಂದ ರಾತ್ರಿಯೆಲ್ಲ ಇಳಿದಿತ್ತು.

ಮಾವನ ಚಿಕಿತ್ಸೆ ಹೀಗಿತ್ತು. ಅತ್ತೆಯ ಹಳೆಯ ಸೌಟಿನಲ್ಲಿ ಬೆಂಡನ್ನು ಹತ್ತು ನಿಮಿಷ ಬಿಸಿನೀರಿನಲ್ಲಿ ಕುದಿಸಿದರು. ಸೌಟು ಮತ್ತೆ ಅಡಿಗೆಮನೆಗೆ ಹೋಗಲಿಲ್ಲ. ಬೆಂಡು ಮೆತ್ತಗಾಗಿ ಉಬ್ಬಿತು. ಒರೆಸಿ, ಮೈಮೇಲೆ ಒಂದು ಹನಿ ಹರಳೆಣ್ಣೆ ಸವರಿ, ನಳಿಗೆಯೊಳಗೆ ದೂಡಿದರು. ಹರಳೆಣ್ಣೆಯೇ ಯಾಕೆ ಎಂದು ಕೇಳಿದೆ. "ಬೇರೆ ಎಣ್ಣೆಯನ್ನು ಪೆಟ್ರೋಲು ತೊಳೆದುಬಿಡುತ್ತೆ ಕಣೋ, ಇದನ್ನು ತೊಳೆಯೋಕೆ ಅದಕ್ಕೆ ಆಗಲ್ಲ" ಎಂದರು. ಅಂದಿನ ಪೆಟ್ರೋಲಿನ ಮಟ್ಟಿಗೆ ಅದು ನಿಜವಾದ ಮಾತು. ಅವರಿರುವವರೆಗೆ ಆ ಕಾಕು ಮತ್ತೆ ಸೋರಲಿಲ್ಲ.

ಮಾವ 1994ರಲ್ಲಿ ತೀರಿಕೊಂಡರು. ಗಾಡಿ ಅದೇ ಓಣಿಯಲ್ಲಿ ಗೋಣಿತಾಟು ಹೊದ್ದು ಮೂವತ್ತು ವರ್ಷ ನಿಂತಿತು. ಅತ್ತೆ ಅದನ್ನು ಮಾರಲೂ ಇಲ್ಲ, ಯಾರಿಗೂ ಕೊಡಲೂ ಇಲ್ಲ. ನಾನು ಮೇಷ್ಟರ ಕೆಲಸದಿಂದ ನಿವೃತ್ತನಾಗಿ 2024ರಲ್ಲಿ ಅವರ ಬಳಿ ಹೋಗಿ, "ಅತ್ತೆ, ಇದನ್ನು ಸರಿಮಾಡಿ ಓಡಿಸಲೇ?" ಎಂದು ಕೇಳಿದೆ. ಅವರಿಗೆ ಆಗ ಎಂಬತ್ತೆರಡು. "ಮಾಡಪ್ಪ. ಆದರೆ ಒಂದು ಮಾತು. ಇದರ ಅಡಿಯಲ್ಲಿ ಏಳು ರಾತ್ರಿ ಕಾಗದ ಹಾಸುತ್ತೇನೆ. ಒಂದು ತೊಟ್ಟು ಬಿದ್ದರೂ ಎಂಟನೆಯ ದಿನ ಗುಜರಿಯವನನ್ನು ಕರೆಸುತ್ತೇನೆ" ಎಂದರು. ನಗಲಿಲ್ಲ.

ಎಂಜಿನ್ನಿನ ಕೆಲಸವನ್ನು ನಾನು ಇಲ್ಲಿ ಹೇಳುವುದಿಲ್ಲ. ಅದು ನನ್ನ ಕೈಯದೂ ಅಲ್ಲ, ಬಲ್ಲವರಿಗೆ ಕೊಟ್ಟೆ. ಕಾಕನ್ನು ಮಾತ್ರ ನಾನೇ ಮಾಡಬೇಕೆಂದು ಹಟ ಹಿಡಿದೆ.

ನಿಮ್ಮ ಮನೆಯಲ್ಲೂ ಇಂಥ ಹಳೆಯ ಗಾಡಿಯೊಂದಿದ್ದು, ನೀವೂ ಕೈ ಹಾಕುವಿರಾದರೆ, ಮೊದಲು ಟ್ಯಾಂಕನ್ನು ಬರಿದುಮಾಡಿ. ಬಯಲಿನಲ್ಲಿ, ಹಗಲಿನಲ್ಲಿ, ಲೋಹದ ಡಬ್ಬಕ್ಕೆ ಬರಿದುಮಾಡಿ. ಪ್ಲಾಸ್ಟಿಕ್ ಬಕೆಟ್ಟು ಕೂಡದು. ಸುರಿಯುವ ಪೆಟ್ರೋಲಿನಿಂದ ಅದರಲ್ಲಿ ವಿದ್ಯುತ್ತು ಕೂಡಿ ಕಿಡಿ ಹಾರುವ ಭಯವುಂಟು. ಆಮೇಲೆ ಎರಡು ಸ್ಪ್ಯಾನರ್ ತೆಗೆದುಕೊಳ್ಳಿ. ಒಂದರಿಂದ ಕಾಕಿನ ಮೈಯನ್ನು ಹಿಡಿದುಕೊಂಡು ಇನ್ನೊಂದರಿಂದ ಕೊಳವೆಯ ನಟ್ಟನ್ನು ಸಡಿಲಿಸಬೇಕು. ಒಂದೇ ಸ್ಪ್ಯಾನರಿನಿಂದ ಬಲಾತ್ಕಾರ ಮಾಡಿದರೆ ಕಾಕಿನೊಡನೆ ಟ್ಯಾಂಕಿನ ಬೆಸುಗೆಯೂ ತಿರುಚಿಕೊಂಡು ಬಿರುಕು ಬಿಡುತ್ತದೆ. ಆಗ ಹತ್ತು ರೂಪಾಯಿಯ ಬೆಂಡಿನ ಕೆಲಸ ಟ್ಯಾಂಕಿನ ಕೆಲಸವಾಗುತ್ತದೆ.

ಇಲ್ಲೊಂದು ಮೋಜಿನ ಸಂಗತಿ. ಈ ಕಾಕಿನ ಮರೆಯನ್ನು ಕಾಲಂಗುಲದ ಮರೆ ಎನ್ನುತ್ತಾರೆ. ಅಳೆದು ನೋಡಿದರೆ ಹದಿಮೂರು ಮಿಲಿಮೀಟರಿಗೂ ಮಿಕ್ಕು ಬರುತ್ತದೆ, ಎಂದರೆ ಅರ್ಧ ಅಂಗುಲಕ್ಕಿಂತ ಹೆಚ್ಚು! ಮೋಸವೇನೂ ಇಲ್ಲ. ಇದು ಬ್ರಿಟಿಷ್ ಪೈಪಿನ ಮರೆ. ಅಂಗುಲದ ಲೆಕ್ಕ ಹುಟ್ಟಿದ್ದು ಕೊಳವೆಯ ಒಳಗಿನ ಅಳತೆಯಿಂದ. ನಮ್ಮ ಮನೆಗಳ ನಲ್ಲಿಗಳಿಗೂ ಇದೇ ಜಾತಿಯ ಮರೆ. ಹಾಗೆಂದು ನಲ್ಲಿಗೆ ಸುತ್ತುವ ಬಿಳಿಯ ಟೇಪನ್ನು ಇಲ್ಲಿ ಸುತ್ತಬೇಡಿ. ಅದರ ಎಳೆಗಳು ಹರಿದು ಕಾರ್ಬುರೇಟರಿನ ಸೂಕ್ಷ್ಮ ರಂಧ್ರಗಳಿಗೆ ಹೋಗಿ ಕೂರುತ್ತವೆ. ಈ ಜೋಡಣೆಯಲ್ಲಿ ಸೋರಿಕೆ ತಡೆಯುವುದು ಮರೆಯಲ್ಲ, ಬುಡದಲ್ಲಿ ಕೂರುವ ಫೈಬರ್ ವಾಷರ್. ಪ್ರತಿ ಸಲ ಬಿಚ್ಚಿದಾಗಲೂ ಅದನ್ನು ಹೊಸತು ಹಾಕುವುದು ಒಳ್ಳೆಯದು.

ಕಾಕನ್ನು ಮೇಜಿನ ಮೇಲೆ ತಂದೆ. ಪುಟ್ಟ ಕಾವಲು ಸ್ಕ್ರೂ ತೆಗೆದೆ. ಕಡ್ಡಿ ಬರಲಿಲ್ಲ. ಇಕ್ಕಳದಿಂದ ಎಳೆಯುವ ಆಸೆಯನ್ನು ಅದುಮಿಕೊಂಡು ಬಿಸಿನೀರಿನಲ್ಲಿ ಅರ್ಧ ಗಂಟೆ ಬಿಟ್ಟೆ, ಬಂತು. ಬೆಂಡು ಒಣ ಕೊಬ್ಬರಿಯ ಸಿಪ್ಪೆಯಂತಾಗಿತ್ತು. ಮಾವ 1972ರಲ್ಲಿ ಸವರಿದ ಹರಳೆಣ್ಣೆ ಅಂಟಾಗಿ, ಕಂದು ಬಣ್ಣಕ್ಕೆ ತಿರುಗಿ ಇನ್ನೂ ಇತ್ತು ಎಂದು ನಾನು ನಂಬಿದ್ದೇನೆ. ಬಹುಶಃ ಅವರು ಆಮೇಲೂ ಸವರಿದ್ದಿರಬಹುದು.

ಟ್ಯಾಂಕಿನೊಳಕ್ಕೆ ನಿಲ್ಲುವ ಹಿತ್ತಾಳೆಯ ಜಾಲರಿಯಲ್ಲಿ ತುಕ್ಕಿನ ಪುಡಿ ತುಂಬಿತ್ತು. ಕೆಲವು ಗಾಡಿಗಳಲ್ಲಿ ಎರಡು ಕಾಕುಗಳಿರುತ್ತವೆ. ಒಂದರ ಕೊಳವೆ ಟ್ಯಾಂಕಿನೊಳಗೆ ಎತ್ತರಕ್ಕೆ ನಿಂತಿರುತ್ತದೆ, ಇನ್ನೊಂದರದು ತಳಮಟ್ಟದಲ್ಲಿರುತ್ತದೆ. ಎತ್ತರದ ಕೊಳವೆಗೆ ಪೆಟ್ರೋಲು ಎಟುಕದಾದಾಗ ತಳದ ಕಾಕನ್ನು ತೆರೆದರೆ ಇನ್ನಷ್ಟು ಸಿಗುತ್ತದೆ. 'ರಿಸರ್ವ್' ಎನ್ನುವುದು ಇದನ್ನೇ. ಪ್ರತ್ಯೇಕ ಪುಟ್ಟ ಟ್ಯಾಂಕು ಯಾವುದೂ ಒಳಗಿಲ್ಲ.

ಹಿತ್ತಾಳೆಗೆ ಹುಣಿಸೆಹಣ್ಣು, ಉಪ್ಪು. ಇದನ್ನು ನಮ್ಮ ಮನೆಗಳಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ರಾತ್ರಿಯೆಲ್ಲ ನೆನೆಹಾಕಬೇಡಿ. ಹಿತ್ತಾಳೆಯೆಂದರೆ ತಾಮ್ರ ಮತ್ತು ಸತು. ಹುಳಿ ಹೆಚ್ಚಾದರೆ ಸತು ಮೊದಲು ಹೋಗಿ ಲೋಹ ಟೊಳ್ಳಾಗುತ್ತದೆ. ಉಜ್ಜಿ, ತೊಳೆದು, ಅಡಿಗೆ ಸೋಡದ ನೀರಿನಲ್ಲಿ ಮತ್ತೊಮ್ಮೆ ಜಾಲಾಡಿ ಒಣಗಿಸಿದೆ. ನಳಿಗೆಯ ಒಳಮೈಗೆ ಮರಳು ಕಾಗದ ತಾಕಿಸಬಾರದು. ಉದ್ದಕ್ಕೆ ಒಂದು ಗೀರು ಬಿದ್ದರೆ ಅದೇ ಪೆಟ್ರೋಲಿಗೆ ರಾಜಮಾರ್ಗ. ಬಿದಿರು ಕಡ್ಡಿಗೆ ಬಟ್ಟೆ ಸುತ್ತಿ, ಹಿತ್ತಾಳೆ ಪಾಲಿಷ್ ಹಚ್ಚಿ, ನಿಧಾನವಾಗಿ ತಿರುಗಿಸುತ್ತ ಹೊಳಪು ತರಬೇಕು. ಒಂದು ಸಂಜೆಯ ಕೆಲಸ. ರೇಡಿಯೋ ಕೇಳುತ್ತ ಮಾಡಬಹುದು.

ಹೊಸ ಬೆಂಡು ತರಿಸಿದೆ. ಮಾವನ ಹಾದಿಯಲ್ಲೇ ನಡೆದೆ: ಬಿಸಿನೀರು, ಹತ್ತು ನಿಮಿಷ, ಹರಳೆಣ್ಣೆ. ನಳಿಗೆಗಿಂತ ಕೂದಲೆಳೆಯಷ್ಟು ದಪ್ಪವಾಗಿರುವಂತೆ ನಯವಾದ ಉಜ್ಜುಕಾಗದದಿಂದ ಹದಮಾಡಿ, ತುದಿಯ ಅಂಚನ್ನು ಗುಂಡಗೆ ಮಾಡಿ ತೂರಿಸಿದೆ. ಇದು ನಾನು ಹೆಮ್ಮೆಪಟ್ಟ ಕೆಲಸ. ಗಾಡಿಗೆ ಜೋಡಿಸಿ, ಎರಡು ಲೀಟರ್ ಪೆಟ್ರೋಲು ಹಾಕಿ, ಅತ್ತೆಗೆ ಹೇಳದೆ ನಮ್ಮ ಮನೆಯ ಅಂಗಳದಲ್ಲೇ ಪರೀಕ್ಷೆಗೆ ನಿಲ್ಲಿಸಿದೆ. ಪೆಟ್ರೋಲು ಬಿದ್ದಲ್ಲೇ ಆರಿಹೋಗುವುದರಿಂದ ಸಣ್ಣ ಸೋರಿಕೆ ಕಣ್ಣಿಗೆ ಸಿಕ್ಕುವುದಿಲ್ಲ. ಮೇಷ್ಟರಿಗೆ ಸೀಮೆಸುಣ್ಣಕ್ಕೆ ಬರವೇ? ಪುಡಿಮಾಡಿ ಕಾಕಿನ ಸುತ್ತ ಎರಚಿದೆ. ತೇವ ತಾಕಿದರೆ ಬಿಳಿಯ ಪುಡಿ ಕಪ್ಪಾಗಿ ಕಾಣುತ್ತದೆ. ಮೊದಲ ರಾತ್ರಿ ಬಿಳಿ. ಎರಡನೆಯ ರಾತ್ರಿಯೂ ಬಿಳಿ. ಮೂರನೆಯ ಬೆಳಗ್ಗೆ ಗುಂಡಿಯ ಕೆಳಗೆ ಒಂದು ಕಪ್ಪು ಉಂಗುರ.

ಮತ್ತೆ ಬಿಚ್ಚಿದೆ. ಹರಳೆಣ್ಣೆಯ ಜಿಡ್ಡೇ ಇರಲಿಲ್ಲ.

ಇದು ಮಾವನ ತಪ್ಪಲ್ಲ; ಪೆಟ್ರೋಲೇ ಬದಲಾಗಿತ್ತು. ಈಗ ಬಂಕಿನಲ್ಲಿ ಸಿಕ್ಕುವುದು ಎಥನಾಲ್ ಎಂಬ ಮದ್ಯಸಾರ ಬೆರೆತ ಪೆಟ್ರೋಲು. ನಮ್ಮ ದೇಶದಲ್ಲಿ 2022ರಲ್ಲಿ ಅದು ನೂರಕ್ಕೆ ಹತ್ತು ಪಾಲಿಗೆ ಮುಟ್ಟಿತು. ಇಪ್ಪತ್ತು ಪಾಲಿನ ಮಾರಾಟ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿಯೇ ಮೊದಲಾಯಿತು. 2025ರ ಹೊತ್ತಿಗೆ ದೇಶವೆಲ್ಲ ಆ ಮಟ್ಟಕ್ಕೆ ಬಂತು. ಬೆರೆಸುವ ಯೋಚನೆಯೇನೂ ಹೊಸದಲ್ಲ, 1948ರಲ್ಲಿಯೇ ಇದಕ್ಕಾಗಿ ಒಂದು ಕಾಯಿದೆ ಆಗಿತ್ತು. ಕಬ್ಬಿನಿಂದಲೂ ಧಾನ್ಯದಿಂದಲೂ ಬರುವ ಈ ಎಥನಾಲಿನಿಂದ ದೇಶಕ್ಕೆ ಆಗುವ ಅನುಕೂಲದ ಚರ್ಚೆ ಬೇರೆ ದಿನಕ್ಕಿರಲಿ. ನಮ್ಮ ಕಾಕಿನ ಮಟ್ಟಿಗೆ ವಿಷಯವಿಷ್ಟು: ಬರಿಯ ಪೆಟ್ರೋಲಿನಲ್ಲಿ ಸುಲಭವಾಗಿ ಕರಗದ ಹರಳೆಣ್ಣೆ, ಮದ್ಯಸಾರದಲ್ಲಿ ಸೊಗಸಾಗಿ ಕರಗುತ್ತದೆ. ಅರಗಿನದೂ ಅದೇ ಕಥೆ. ಹಳೆಯ ಕಾರುಗಳ ಕಾರ್ಬುರೇಟರಿನೊಳಗೆ ತೇಲುವ ಬೆಂಡುಗಳಿಗೆ ಅರಗಿನ ಲೇಪ ಕೊಡುತ್ತಿದ್ದರು. ಬಡಗಿಯು ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಕುರ್ಚಿ ಮೇಜಿಗೆ ಹಚ್ಚುವುದನ್ನು ನೀವು ನೋಡಿದ್ದೀರಿ. ಆ ಸ್ಪಿರಿಟ್ಟೂ ಈ ಎಥನಾಲೂ ಒಂದೇ ಮನೆತನ. ಹೀಗಾಗಿ ಅಂದಿಗೆ ಭದ್ರವಾಗಿದ್ದ ಲೇಪ ಇಂದಿನ ಟ್ಯಾಂಕಿನಲ್ಲಿ ನಿಲ್ಲುವುದಿಲ್ಲ. ಸಾಲದ್ದಕ್ಕೆ ಎಥನಾಲು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಹಾಗೆ ಸೇರಿದ ನೀರು ಹೆಚ್ಚಾದರೆ, ನೀರೂ ಎಥನಾಲೂ ಒಂದಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ. ತಳದಲ್ಲಿರುವವರು ಯಾರು? ಕಾಕು.

ಈ ನಡುವೆ ಸಂಕಟ ತಡೆಯಲಾರದೆ ಹೊಸ ಕಾಕೊಂದನ್ನೇ ಅಂಚೆಯಲ್ಲಿ ತರಿಸಿದೆ. ಥಳಥಳ ಹೊಳೆಯುತ್ತಿತ್ತು. ಎತ್ತಿದರೆ ಹಗುರ, ಹಿತ್ತಾಳೆಯ ಬಣ್ಣ ಹಚ್ಚಿದ ಸತುವಿನ ಎರಕ. ಎರಡನೆಯ ಸಲ ಬಿಗಿಯುವಾಗ ಮರೆಯೇ ಪುಡಿಯಾಯಿತು. ಅದನ್ನು ಕಿಟಕಿಯ ಮೇಲೆ ಇಟ್ಟಿದ್ದೇನೆ.

ಕೊನೆಗೆ ಮಂಡಿಮೊಹಲ್ಲಾದ ಒಂದು ಸಣ್ಣ ಲೇತಿನ ಅಂಗಡಿಗೆ ಹೋದೆ. ಅಲ್ಲಿಯ ಸಾಬರು ನನ್ನ ಕಡ್ಡಿಯನ್ನು ಬೆರಳ ನಡುವೆ ಹೊರಳಿಸಿ ನೋಡಿ, "ಮೇಷ್ಟ್ರೇ, ಮೈ ಹಳೇದೇ ಇರಲಿ. ಇದು ಒಳ್ಳೆ ಹಿತ್ತಾಳೆ. ಒಳಗಿನ ಕಡ್ಡಿ ಮಾತ್ರ ಹೊಸದು ಮಾಡಿ ಉಂಗುರ ಹಾಕೋಣ" ಎಂದರು. ಉಂಗುರವೆಂದರೆ ರಬ್ಬರಿನ ಓ-ರಿಂಗು. ಎಲ್ಲ ರಬ್ಬರೂ ಆಗದು. 1957ರಲ್ಲಿ ವೈಟಾನ್ ಎಂಬ ಹೆಸರಿನಲ್ಲಿ ಪೇಟೆಗೆ ಬಂದ, ಫ್ಲೋರಿನ್ ಸೇರಿದ ಒಂದು ಜಾತಿಯ ರಬ್ಬರು ಪೆಟ್ರೋಲಿಗೂ ಎಥನಾಲಿಗೂ ಜಗ್ಗುವುದಿಲ್ಲ. ಒಣಗಿದರೂ ಬೆಂಡಿನಂತೆ ಕುಗ್ಗುವುದಿಲ್ಲ. ಅದು ನಮಗೆ ಬೇಕಾದದ್ದು.

ಸಾಬರು ಹಿತ್ತಾಳೆಯ ಸರಳಿನಿಂದ ಹೊಸ ಕಡ್ಡಿ ಕಡೆದರು. ಅದಕ್ಕೆ ಎರಡು ಕಾಲುವೆ ತೆಗೆದರು: ಒಳಗಿನ ಉಂಗುರ ಕೆಳಕ್ಕೆ ಹರಿಯದಂತೆ, ಹೊರಗಿನದು ಗುಂಡಿಯ ಕಡೆ ಜಿನುಗದಂತೆ. ಒಂದು ಬೆಂಡು ಮಾಡುತ್ತಿದ್ದ ಎರಡು ಕೆಲಸಕ್ಕೆ ಎರಡು ಆಳು. ಕಾಲುವೆಯ ಆಳದಲ್ಲಿಯೇ ಎಲ್ಲ ಗುಟ್ಟು. ಎರಡು ಮಿಲಿಮೀಟರ್ ದಪ್ಪದ ಉಂಗುರ ನಳಿಗೆಯೊಳಗೆ ಕೂತಾಗ ಒಂದು ಮುಕ್ಕಾಲಕ್ಕಿಂತ ತುಸು ಕಡಮೆಗೆ ಒತ್ತಿರಬೇಕು. ಹೆಚ್ಚು ಒತ್ತಿದರೆ ಗುಂಡಿ ಎಳೆಯಲು ಬಾರದು, ಉಂಗುರ ಸವೆಯುತ್ತದೆ, ಕಡಮೆಯಾದರೆ ಸೋರುತ್ತದೆ. ಮೂರು ಸಲ ಅಳೆದು ಮೂರು ಸಲ ಕಡೆದರು. ಎಲ್ಲಕ್ಕಿಂತ ಮುಖ್ಯವಾದ ಕೆಲಸವೊಂದನ್ನು ನಾನು ಊಹಿಸಿಯೇ ಇರಲಿಲ್ಲ. ನಳಿಗೆಗೆ ಪೆಟ್ರೋಲು ಇಳಿಯುವ ರಂಧ್ರದ ಒಳ ಅಂಚು ಚಾಕುವಿನಂತೆ ಚೂಪಾಗಿತ್ತು. ಬೆಂಡು ಅದರ ಮೇಲೆ ಹಾಯುವಾಗಲೆಲ್ಲ ಅಷ್ಟಷ್ಟೇ ಹೆರೆದುಹೋಗುತ್ತಿತ್ತು. ಸಾಬರು ಆ ಅಂಚನ್ನು ಸಣ್ಣ ಕಲ್ಲಿನಿಂದ ಉಜ್ಜಿ ಮೊಂಡು ಮಾಡಿದರು. ಹಾಗೆ ಮಾಡದಿದ್ದರೆ ವೈಟಾನ್ ಉಂಗುರವೂ ಹತ್ತು ದಿನದಲ್ಲಿ ಕತ್ತರಿಸಿ ಹೋಗುತ್ತಿತ್ತು. ಬಹುಶಃ ಮಾವನ ಬೆಂಡಿಗೂ 1972ರಲ್ಲಿ ಆಗಿದ್ದದ್ದು ಬರಿಯ ಒಣಗುವಿಕೆಯಲ್ಲ.

ಹಳೆಯ ವಾಹನಗಳ ಅಭಿಮಾನಿಯಾದ ಮಿತ್ರರೊಬ್ಬರು, ಬೆಂಡು ತೆಗೆದು ರಬ್ಬರು ಹಾಕಿದೆನೆಂದು ಬೇಸರಪಟ್ಟರು. ಮೂಲರೂಪ ಕೆಟ್ಟಿತಂತೆ. ಹೊರಗಿನಿಂದ ನೋಡಿದರೆ ಕಾಕು ಅದೇ, ಗುಂಡಿ ಅದೇ, ಅದರ ಮೇಲಿನ ಅಕ್ಷರಗಳೂ ಅವೇ. ಒಳಗಿನದಕ್ಕೆ ನಾನು ಅತ್ತೆಗೆ ಉತ್ತರ ಹೇಳಬೇಕೇ ಹೊರತು ಮಿತ್ರರಿಗಲ್ಲ.

ಜೋಡಿಸುವಾಗ ಕಾರ್ಬುರೇಟರಿಗೆ ಹೋಗುವ ರಬ್ಬರು ಕೊಳವೆಯನ್ನೂ, ಎಥನಾಲಿಗೆ ತಾಳುವಂಥದನ್ನು ನೋಡಿ, ಬದಲಾಯಿಸಿದೆ. ಹಳೆಯದು ಮಡಿಸಿದರೆ ಬಿರುಕು ಬಿಡುತ್ತಿತ್ತು. ಹರಿವು ಸಾಕಷ್ಟಿದೆಯೋ ಎಂದು ಗಡಿಯಾರ ಹಿಡಿದು ನೋಡಿದೆ. ಲೆಕ್ಕ ಸುಲಭ: ಗಾಡಿ ಲೀಟರಿಗೆ 25 ಕಿಲೋಮೀಟರ್ ಕೊಡುತ್ತದೆಂದೂ ಗಂಟೆಗೆ 60ರ ವೇಗದಲ್ಲಿ ಓಡುತ್ತದೆಂದೂ ಇಟ್ಟುಕೊಂಡರೆ ನಿಮಿಷಕ್ಕೆ 40 ಮಿಲಿಲೀಟರ್ ಸಾಕು. ನಮ್ಮ ಕಾಕಿನಿಂದ ಅರ್ಧ ಲೀಟರಿನ ಡಬ್ಬ ಒಂದೂವರೆ ನಿಮಿಷದೊಳಗೆ ತುಂಬಿತು. ಮೊದಲ ಪ್ರಯತ್ನದಲ್ಲಿ ಮಾತ್ರ ಹರಿವು ಬರಬರುತ್ತ ಸಣ್ಣದಾಗಿ ನಿಂತೇಹೋಗಿತ್ತು. ಕಾಕನ್ನು ಶಪಿಸಿ ಇನ್ನೇನು ಬಿಚ್ಚಬೇಕು, ಅಷ್ಟರಲ್ಲಿ ಟ್ಯಾಂಕಿನ ಮುಚ್ಚಳ ತೆಗೆದೆ. ಭುಸ್ಸೆಂದು ಗಾಳಿ ಒಳಕ್ಕೆ ಹೋಯಿತು, ಪೆಟ್ರೋಲು ಧಾರೆಯಾಗಿ ಹರಿಯಿತು. ಮುಚ್ಚಳದಲ್ಲಿ ಗಾಳಿಯಾಡಲು ಒಂದು ಸೂಜಿಮೊನೆಯಷ್ಟು ತೂತಿರುತ್ತದೆ. ಮೂವತ್ತು ವರ್ಷದ ಧೂಳು ಅದನ್ನು ಮುಚ್ಚಿತ್ತು. ದಾರಿಯಲ್ಲಿ ಗಾಡಿ ಸುಮ್ಮಸುಮ್ಮನೆ ನಿಂತರೆ, ಕಾಕಿಗೆ ಕೈ ಹಾಕುವ ಮೊದಲು ಮುಚ್ಚಳವನ್ನೊಮ್ಮೆ ತೆರೆದು ನೋಡಿ.

ಮುಂದಿನ ವಾರ ಗಾಡಿಯನ್ನು ಚಾಮರಾಜಪುರದ ಮನೆಗೆ ಒಯ್ದು ಓಣಿಯ ಬೀದಿಕಡೆಯ ಬಾಯಿಯಲ್ಲಿ, ಬಾಗಿಲು ತೆರೆದಿಟ್ಟು ನಿಲ್ಲಿಸಿದೆ. ಆ ಹಂಡೆಯ ಒಲೆ ಈಗಿಲ್ಲ. ಬಚ್ಚಲಿನ ನೀರು ಸೂರಿನ ಮೇಲಿನ ಸೌರ ತೊಟ್ಟಿಯಿಂದ ಬರುತ್ತದೆ. ಆದರೂ ಅತ್ತೆ ಬಚ್ಚಲಿನ ದೀಪದ ಸ್ವಿಚ್ಚಿಗೆ ಏಳು ದಿನವೂ ಕಾಗದ ಅಂಟಿಸಿಟ್ಟಿದ್ದರು. ಪ್ರತಿ ರಾತ್ರಿ ಅವರೇ ಬಗ್ಗಿ ಗಾಡಿಯ ಕೆಳಗೆ ಅಂದಿನ ಪತ್ರಿಕೆ ಹಾಸಿ, ಅದರ ಮೇಲೆ ನನ್ನ ಸೀಮೆಸುಣ್ಣದ ಪುಡಿಯನ್ನು ರಂಗೋಲಿಯ ಹಾಗೆ ಉದುರಿಸುತ್ತಿದ್ದರು. ಬೆಳಗ್ಗೆ ಕನ್ನಡಕ ಹಾಕಿಕೊಂಡು ನೋಡುತ್ತಿದ್ದರು. ಐದನೆಯ ದಿನ ಪುಡಿಯಲ್ಲಿ ಒಂದು ಗುರುತು ಕಂಡು ನನಗೆ ಎದೆ ಧಸಕ್ಕೆಂದಿತು. ನೋಡಿದರೆ ಬೆಕ್ಕಿನ ಹೆಜ್ಜೆ.

ಎಂಟನೆಯ ಬೆಳಗ್ಗೆ ಅತ್ತೆ ಪತ್ರಿಕೆಯನ್ನು ಎತ್ತಿ, ಪುಡಿ ಕೊಡವಿ, ಮಡಿಸಿ ರದ್ದಿಯ ಕಟ್ಟಿಗೆ ಸೇರಿಸಿದರು. "ಸರಿ, ಸ್ಟಾರ್ಟು ಮಾಡು. ಬೀದಿಗೆ ತಗೊಂಡು ಹೋಗಿ ಮಾಡು" ಎಂದರು. ಗುಂಡಿಯನ್ನು ಎಳೆದೆ. ಕಾರ್ಬುರೇಟರಿಗೆ ಪೆಟ್ರೋಲು ಇಳಿಯುವ ಸದ್ದು ಕೇಳಿಸಿತು. ನಾಲ್ಕನೆಯ ಒದೆತಕ್ಕೆ ಎಂಜಿನ್ನು ಹಿಡಿಯಿತು. ಅತ್ತೆ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಆ ಶಬ್ದ ಕೇಳಿ, "ಹೂಂ, ಅದೇ" ಎಂದು ಒಳಗೆ ಹೋದರು.

ಈಗಲೂ ನಾನು ರಾತ್ರಿ ಗುಂಡಿಯನ್ನು ದೂಡಿ ಮುಚ್ಚಿಯೇ ಬರುತ್ತೇನೆ. ಹದಿನೈದು ದಿನಕ್ಕಿಂತ ಹೆಚ್ಚು ಓಡಿಸುವುದಿಲ್ಲವೆಂದು ಕಂಡರೆ ಟ್ಯಾಂಕು ಬರಿದುಮಾಡುತ್ತೇನೆ. ಮಾವನ ಹಳೆಯ ಬೆಂಡು ಒಂದು ಬೆಂಕಿಪೆಟ್ಟಿಗೆಯಲ್ಲಿ ಇದೆ; ಪೆಟ್ಟಿಗೆಯಲ್ಲಿ ಕಡ್ಡಿಗಳಿಲ್ಲ.